ನಲವತ್ತು ದಿನದ ಸಂಬಳ

ಕ್ಲನ್ ಹೊಳೆಯ ಈಚೆ ದಂಡೆಯಲ್ಲಿ ನನ್ನ ಗುಡಿಸಲು,
ಆಚೆ ದಂಡೆಯಲ್ಲಿ ಮಡೋಗನ ತಾಯಿಯದು.
ನಡುವೆ ಕಲ್ಲಿನ ಸೇತುವೆ,
ಅದರ ತುಂಬ ಅವಳ ಹೆಬ್ಬಾತುಗಳು.

ಅರಸನ ಆಜ್ಞೆ ಬಂದ ವರುಷ
ಒಂದೊಂದು ಬಾತಿನ ರೆಕ್ಕೆಯಿಂದ ಆರಾರು ಗರಿ
ಕಿತ್ತರು, ಬಾಣಕ್ಕೆ.
ಆಮೇಲೆ ಮನೆಗೊಬ್ಬನಂತೆ ನಮ್ಮನ್ನು ಕಿತ್ತರು.
ಬಾತುಗಳು ಅರಚಿದವು. ನಾವು ಅರಚಲಿಲ್ಲ.
ದಿನಕ್ಕೆ ಆರು ಪೆನ್ನಿ ಅಂದರೆ
ನೇಗಿಲು ಹಿಡಿದವನಿಗೆ ಎರಡು ದಿನದ ಬೆವರು.

ಬೆರಿಕ್ ಕೋಟೆಯ ಬುಡದಲ್ಲಿ
ನಾವು ಚೆಲ್ಲಿದ ನೆತ್ತರೆಲ್ಲ ಹೊಟ್ಟೆಯದು.
ಚಲ್ಲಣ ಹರಿದೆಸೆದು, ಅಂಗಿ ಸೊಂಟಕ್ಕೆ ಕಟ್ಟಿ,
ಬತ್ತಲೆ ತೊಡೆಯಲ್ಲಿ ನಿಂತು ಬಿಲ್ಲೆಳೆದೆವು.
ಊರಿಗೆ ಬಂದ ಪಾಡುಗಾರ ಮೊನ್ನೆ
ಅದೇ ಕೋಟೆಯ ಕತೆ ಹಾಡಿದ.
ಅವನ ಹಾಡಿನಲ್ಲಿ ಎಲ್ಲರಿಗೂ ಚಲ್ಲಣವಿತ್ತು.

ಮಡೋಗ್ ಸತ್ತದ್ದು ಟ್ವೀಡ್ ಹೊಳೆಯ ಕೆಸರಿನಲ್ಲಿ,
ಕೋಳಿ ಕೂಗುವ ಹೊತ್ತು (ಕೋಳಿಗಳನ್ನೆಲ್ಲ ತಿಂದಾಗಿತ್ತು).
"ಅಮ್ಮನ ಬಾತುಗಳಿಗೆ ನೀರಿಟ್ಟೆಯೇನೋ ಹಾಮೊ?"
"ಇಟ್ಟೆ" ಅಂದೆ,
ಹನ್ನೆರಡು ದಿನದ ಹಾದಿಯಾಚೆ ಕೂತು.
ನನ್ನ ಮೊದಲ ಸುಳ್ಳು ಅದು. ಸಣ್ಣದು.

ಹೊತ್ತೇರಿದ ಮೇಲೆ ಹಾಜರಿ.
ಗುಮಾಸ್ತನಿಗೆ ನೆಗಡಿ, ಕಣ್ಣು ಬೇರೆ ಮಂಜು,
ಹೆಸರು ಕೂಗುವನೇ ಹೊರತು ತಲೆ ಎತ್ತನು.
"ಹಾಮೊ?" ಇದ್ದೇನೆ.
"ಮಡೋಗ್?"
ಎರಡು ಸಾಲು ಹಿಂದಕ್ಕೆ ಸರಿದು
ಗಂಟಲು ದಪ್ಪ ಮಾಡಿ: ಇದ್ದೇನೆ.
ಅವನ ಕೆಮ್ಮನ್ನೂ ಕೆಮ್ಮಿದೆ.

ಹೀಗೆ ನಲವತ್ತು ದಿನ
ಮಣ್ಣೊಳಗೆ ಮಲಗಿ ಕೂಲಿ ಮಾಡಿದ ನನ್ನ ಗೆಳೆಯ.
ಮುಪ್ಪಿನ ತಾಯಿ, ಸೋರುವ ಸೂರು,
ಎದುರಿಗೆ ಚಳಿಗಾಲ.
ನಾನು ಮತ್ತೇನು ಮಾಡಬೇಕಿತ್ತು?

ಚೀಲ ತಂದು ಅವಳ ಮೇಜಿನ ಮೇಲೆ ಸುರಿದೆ.
ಇನ್ನೂರ ನಲವತ್ತು ಪೆನ್ನಿ.
ಗ್ವೆನ್ಲಿಯನ್ ಅಳಲಿಲ್ಲ. ಎಣಿಸಿದಳು,
ಆರಾರರ ಗುಡ್ಡೆ ಮಾಡಿ,
ಬಾತಿನ ಮೊಟ್ಟೆ ಜೋಡಿಸುವ ಹಾಗೆ.
"ಕೆಮ್ಮು ಜೋರಾಗಿದೆ ಅಂತ ನೀನು ಹೇಳಿಕಳಿಸಿದೆಯಲ್ಲ,
ಅದಾದ ಮೇಲೂ ನಲವತ್ತು ದಿನ ಇದ್ದನೇ?"

ನಾಲಿಗೆ ಬಾಯೊಳಗೆ ಮರದ ತುಂಡು.
ಆಗ ತಲೆಯಾಡಿಸಿದೆನಲ್ಲ, ಅದು ದೊಡ್ಡ ಸುಳ್ಳು.

ಮೊದಲ ಗುಡ್ಡೆಯ ಮೇಲೆ ಬೆರಳಿಟ್ಟಳು.
"ಈ ದಿನ ಏನು ತಿಂದ?"
ಬಟಾಣಿ ಗಂಜಿ, ಅಂದೆ.
"ಇದರಲ್ಲಿ?"
ಮಳೆ ಬಂತು. ನಿನ್ನ ಕಂಬಳಿ ಹೊದ್ದಿದ್ದ.
"ಇದರಲ್ಲಿ?"
ನಕ್ಕ. ಯಾಕೆ ಅಂತ ನೆನಪಿಲ್ಲ, ತುಂಬ ನಕ್ಕ.

ದಿನಾ ಸಂಜೆ ಸೇತುವೆ ದಾಟಿದೆ.
ಒಂದೊಂದು ಸಂಜೆಗೆ ಒಂದೊಂದು ಗುಡ್ಡೆ.
ಮುಗಿದುದನ್ನು ಮಡಕೆಗೆ ಹಾಕುವಳು; ಅದರಿಂದಲೇ
ಹಿಟ್ಟು, ಉಪ್ಪು, ಸೂರಿಗೆ ಹುಲ್ಲು.
ಬದುಕಿದ್ದಾಗ ಮರದ ಚಮಚವನ್ನೂ ಕೆತ್ತದವನು
ನನ್ನ ಬಾಯಲ್ಲಿ ಕುದುರೆ ಕೆತ್ತಿದ,
ನಾರ್ಥಂಬರ್ಲೆಂಡಿನ ಹುಡುಗಿಯೊಬ್ಬಳಿಂದ ಸೇಬು ಕದ್ದ.
ಒಮ್ಮೆ ತಪ್ಪಿ, ಹದಿನೇಳನೆಯ ದಿನ
ಮತ್ತೆ ಕಂಬಳಿ ಹೊದಿಸಿದೆ.
"ಅದನ್ನು ಹೊಳೆಯಲ್ಲಿ ಕಳಕೊಂಡ ಅಂದಿದ್ದೆಯಲ್ಲ"
ಎಂದಳು ಮೆಲ್ಲಗೆ, ಬೆಂಕಿಗೆ ಕಟ್ಟಿಗೆ ಸರಿಸುತ್ತ.
ಅವಳ ಮುಖ ನೋಡಲಿಲ್ಲ ನಾನು.

ಹಿಮ ಬಿತ್ತು. ನಲವತ್ತನೆಯದೂ ಬಂತು.
ಆ ಸಂಜೆ ಅವನನ್ನು ಕೊಲ್ಲಬೇಕಿತ್ತು;
ನೋವಿಲ್ಲದ ಹಾಗೆ, ಪಾದ್ರಿಯನ್ನು ಕರೆಸಿ,
ಒಣಗಿದ ನೆಲದ ಮೇಲೆ.
ಎಲ್ಲ ಹೊಂದಿಸಿಕೊಂಡು ಬಂದಿದ್ದೆ.

ಆರು ಪೆನ್ನಿಯನ್ನು ಅಂಗೈಯಲ್ಲಿ ಮುಚ್ಚಿ
ಮುದುಕಿ ಕೇಳಿದಳು:
"ಗುಮಾಸ್ತ ಇನ್ನೊಂದು ದಿನದ್ದು
ಕೊಡಲಿಲ್ಲವೇ, ಹಾಮೊ?"

ಹೊರಗೆ ಬಾತುಗಳ ಸದ್ದು.
ಬಿಲ್ಲೆಳೆದು ಸೊಟ್ಟಗಾದ ಬಲ ಭುಜ ಚಳಿಗೆ ನುಲಿಯಿತು.
ಸೊಂಟದ ಚೀಲ ಬಿಚ್ಚಿ
ನನ್ನದೇ ಆರು ಪೆನ್ನಿ ತೆಗೆದಿಟ್ಟೆ.
"ಕೊಟ್ಟಿದ್ದ. ಮರೆತಿದ್ದೆ.
ಆ ದಿನ ಬಿಸಿಲಿತ್ತು..."